ಹೆಡ್‌ಫೋನ್ ಕೊಳ್ಳುವ ಮುನ್ನ ಕಿವಿಯನ್ನು ಅರಿಯೋಣ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಮೊಣಕಾಲು ನೋವು, ಮಧುಮೇಹ, ಮಲಬದ್ಧತೆಗಳದೇ ಸಿಂಹಪಾಲು. ಈಚೆಗೆ ಮಾತ್ರ ಹೊಸದೊಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ಮಗಳ ಆನ್‌ಲೈನ್ ಪಾಠಕ್ಕೆ, ಅಥವಾ ವಯಸ್ಸಾದ ತಂದೆಯವರು ಮೊಬೈಲಿನಲ್ಲಿ ಪ್ರವಚನ ಕೇಳುವುದಕ್ಕೆ ಯಾವ ಹೆಡ್‌ಫೋನ್ ಒಳ್ಳೆಯದು? ಅಂಗಡಿಯಲ್ಲಿ ಮುನ್ನೂರು ರೂಪಾಯಿಯದೂ ಇದೆ, ಮೂವತ್ತು ಸಾವಿರದ್ದೂ ಇದೆ. ಆ ಎರಡರ ನಡುವಣ ಅಂತರ ನಿಜವಾದದ್ದೋ, ಬರಿಯ ಮಾತಿನ ಮೋಡಿಯೋ? ಇದು ವೈದ್ಯರನ್ನು ಕೇಳುವ ಪ್ರಶ್ನೆಯೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ದೃಷ್ಟಿಯಲ್ಲಿ ಇದು ವೈದ್ಯರನ್ನೇ ಕೇಳಬೇಕಾದ ಪ್ರಶ್ನೆ. ಧ್ವನಿಯ ಗುಣವನ್ನು ಕಟ್ಟಕಡೆಗೆ ಅಳೆಯುವುದು ಕಿವಿ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಮೋಸಹೋಗುತ್ತದೆ ಎಂಬುದನ್ನು ತಿಳಿಯದೆ ಕೊಂಡವರು ಹಣದ ಜೊತೆಗೆ ಕಿವಿಯನ್ನೂ ಕಳೆದುಕೊಳ್ಳುವ ಸಂಭವವುಂಟು.

ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತವೇ ಶಬ್ದ. ಅದು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗೆ ಸಾಲಾಗಿ ನಿಂತ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಕಂಪನವನ್ನು ನರದ ಸಂದೇಶವಾಗಿ ಮಾರ್ಪಡಿಸುತ್ತವೆ. ಸುರುಳಿಯ ಬುಡದಲ್ಲಿರುವ ಕೋಶಗಳು ತಾರಸ್ವರವನ್ನೂ ತುದಿಯಲ್ಲಿರುವವು ಮಂದ್ರಸ್ವರವನ್ನೂ ಗ್ರಹಿಸುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ನಶಿಸುವವು ಸಾಮಾನ್ಯವಾಗಿ ಬುಡದ ಕೋಶಗಳೇ. ಎಳೆಯ ಕಿವಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ನಮ್ಮಂತೆ ಅರವತ್ತು ದಾಟಿದವರಲ್ಲಿ ಬಹುಮಂದಿಗೆ 12,000 ಹರ್ಟ್ಸ್‌ನ ಮೇಲೆ ಹೆಚ್ಚೇನೂ ಕೇಳಿಸದು. ಹೀಗಿರುವಾಗ ಪೆಟ್ಟಿಗೆಯ ಮೇಲೆ ‘40,000 ಹರ್ಟ್ಸ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಅದರಿಂದ ಬಾವಲಿಗೆ ಉಪಯೋಗವಾದೀತೇ ಹೊರತು ಕೊಳ್ಳುವವರಿಗಲ್ಲ.

ಇನ್ನು ಕಿವಿ ಮೋಸಹೋಗುವ ಬಗೆ. ಅಂಗಡಿಯಲ್ಲಿ ಎರಡು ಹೆಡ್‌ಫೋನುಗಳನ್ನು ಒಂದಾದ ಮೇಲೊಂದರಂತೆ ಹಾಕಿಕೊಂಡು, ಅದೇ ಹಾಡನ್ನು ಅದೇ ಮೊಬೈಲಿನಲ್ಲಿ ಕೇಳಿ, ‘ಇದು ಸ್ಪಷ್ಟವಾಗಿದೆ’ ಎಂದು ಒಂದನ್ನು ಆರಿಸಿಕೊಳ್ಳುವುದು ವಾಡಿಕೆ. ವಾಲ್ಯೂಮಿನ ಗುರುತು ಒಂದೇ ಇದ್ದರೂ ಎರಡರಿಂದಲೂ ಒಂದೇ ಪ್ರಮಾಣದ ಧ್ವನಿ ಹೊರಡುವುದಿಲ್ಲ. ಅಷ್ಟೇ ವಿದ್ಯುತ್ತಿಗೆ ಒಂದು ಹೆಚ್ಚು ಮೊಳಗುತ್ತದೆ, ಮತ್ತೊಂದು ಕಡಿಮೆ. ಸ್ಟುಡಿಯೋಗಳಲ್ಲಿ ಬಳಸುವ 300 ಓಮ್ ರೋಧದ ಉತ್ತಮ ಹೆಡ್‌ಫೋನನ್ನು ಮೊಬೈಲಿಗೆ ಸಿಕ್ಕಿಸಿದರೆ ಅದು ಬಡಪಾಯಿಯಂತೆ ಕ್ಷೀಣವಾಗಿ ನುಡಿಯುತ್ತದೆ. ಪಕ್ಕದ ಅಗ್ಗದ 16 ಓಮ್‌ನದು ಅಬ್ಬರಿಸುತ್ತದೆ. ಗ್ರಾಹಕರು ಅಬ್ಬರಿಸಿದ್ದನ್ನೇ ಕೊಂಡುಹೋಗುತ್ತಾರೆ.

ಇದಕ್ಕೆ ಕಾರಣ ಕಿವಿಯ ರಚನೆಯಲ್ಲಿಯೇ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವೆ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಅಂಕಿಗಳಲ್ಲಿ ತೋರಿಸಿತು. ಧ್ವನಿ ಸಣ್ಣದಾಗಿದ್ದಾಗ ನಮ್ಮ ಕಿವಿಗೆ ಮಂದ್ರಸ್ವರಗಳು ಬಹಳ ಕಡಿಮೆ ಕೇಳಿಸುತ್ತವೆ. ಧ್ವನಿ ಏರಿದಂತೆಲ್ಲ ಅವು ತುಂಬಿಕೊಳ್ಳುತ್ತವೆ. ಆದುದರಿಂದ ಅದೇ ಹಾಡು, ಅದೇ ಯಂತ್ರ, ತುಸು ದೊಡ್ಡದಾಗಿ ನುಡಿಸಿದರೆ ಹೆಚ್ಚು ‘ತುಂಬಿದ’ ನಾದವಾಗಿ ತೋರುತ್ತದೆ. ಏರಿಕೆ ಒಂದೆರಡು ಡೆಸಿಬಲ್ಲಿನಷ್ಟೇ ಇದ್ದರೆ ಕೇಳುವವರಿಗೆ ಅದು ‘ದೊಡ್ಡದು’ ಎಂದು ಅನ್ನಿಸುವುದೇ ಇಲ್ಲ. ‘ಚೆನ್ನಾಗಿದೆ’ ಎಂದಷ್ಟೇ ಅನ್ನಿಸುತ್ತದೆ. ಒಳ್ಳೆಯದನ್ನು ಆರಿಸಿಕೊಂಡೆವೆಂದು ನಂಬಿ ನಾವು ದೊಡ್ಡದನ್ನು ಆರಿಸಿಕೊಂಡಿರುತ್ತೇವೆ. ಡೆಸಿಬಲ್ ಲೆಕ್ಕದಲ್ಲಿ 3 ಏರಿದರೆ ಕಿವಿಗೆ ತಗಲುವ ಶಕ್ತಿ ಇಮ್ಮಡಿಯಾಗುತ್ತದೆ ಎಂಬುದನ್ನು ಇಲ್ಲಿಯೇ ನೆನಪಿಡಬೇಕು.

ಹಾಗಾದರೆ ಹೋಲಿಸುವುದು ಹೇಗೆ? ಮೊದಲು ಎರಡರ ಧ್ವನಿಯನ್ನೂ ಸಮಮಾಡಿಕೊಳ್ಳಬೇಕು. ಪರಿಚಿತವಾದ ಒಂದೇ ಕಂಠವನ್ನು ಎರಡರಲ್ಲಿಯೂ ಕೇಳುತ್ತ, ಆ ವ್ಯಕ್ತಿ ಎದುರಿನ ಚಾಪೆಯ ಮೇಲೆ ಕುಳಿತು ಮಾತಾಡಿದರೆ ಎಷ್ಟು ಕೇಳಿಸೀತೋ ಅಷ್ಟಕ್ಕೆ ಎರಡರ ವಾಲ್ಯೂಮನ್ನೂ ಹೊಂದಿಸಬೇಕು. ಒಂದಕ್ಕೆ ಐದು ಗುರುತು, ಇನ್ನೊಂದಕ್ಕೆ ಎಂಟು ಬೇಕಾಗಬಹುದು, ಅದರಲ್ಲಿ ತಪ್ಪೇನಿಲ್ಲ. ಸಂಶಯ ಬಂದರೆ ತುಸು ಕಡಿಮೆಯ ಕಡೆಗೇ ಒಲಿಯಬೇಕು. ಇಷ್ಟಾದ ಮೇಲೆ ವ್ಯತ್ಯಾಸಗಳಲ್ಲಿ ಅರ್ಧಕ್ಕರ್ಧ ತಾನಾಗಿಯೇ ಕರಗಿಹೋಗುವುದನ್ನು ಕಾಣಬಹುದು.

ಹೋಲಿಕೆಗೆ ಅಬ್ಬರದ ಸಿನಿಮಾ ಗೀತೆಗಿಂತ ಒಂಟಿ ಕಂಠವೇ ಮೇಲು. ಎಂಪಿ-3 ಎಂಬ ಧ್ವನಿಸಂಕೋಚನ ವಿಧಾನವನ್ನು ಜರ್ಮನಿಯಲ್ಲಿ ರೂಪಿಸುತ್ತಿದ್ದಾಗ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಎಂಬ ತಂತ್ರಜ್ಞರು ಪರೀಕ್ಷೆಗೆಂದು ಬಳಸಿದ್ದು ಸುಜಾನ್ ವೇಗಾ ಎಂಬ ಗಾಯಕಿ ಯಾವ ವಾದ್ಯವೂ ಇಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಎಂಬ ಗೀತೆಯನ್ನು. ದೊಡ್ಡ ವಾದ್ಯಮೇಳದಲ್ಲಿ ಮರೆಯಾಗುವ ದೋಷವು ಒಬ್ಬಂಟಿ ದನಿಯಲ್ಲಿ ಅಡಗಿಕೊಳ್ಳಲಾರದು. ಹುಟ್ಟಿದಂದಿನಿಂದ ಮನುಷ್ಯನ ದನಿಯನ್ನೇ ಕೇಳುತ್ತ ಬಂದ ಕಿವಿ ಅದರಲ್ಲಿನ ಕೃತಕತೆಯನ್ನು ಕೂಡಲೇ ಗುರುತಿಸುತ್ತದೆ. ಬರಿಯ ತಂಬೂರಿಯ ಮೇಲೆ ಹಾಡಿದ ವಚನವೋ, ತತ್ತ್ವಪದವೋ ಇದ್ದರೆ ಅದೇ ನಮಗೆ ಒರೆಗಲ್ಲು. ‘ಸ’, ‘ಶ’, ‘ತ’ ಅಕ್ಷರಗಳು ಸಿಡಿಯುತ್ತವೆಯೇ, ಮಬ್ಬಾಗುತ್ತವೆಯೇ? ಗಾಯಕರು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆಯೇ? ತಂಬೂರಿಯ ಖರ್ಜದ ತಂತಿ ಬೇರೆಯಾಗಿ ಕೇಳಿಸುತ್ತದೆಯೇ, ಎಲ್ಲವೂ ಸೇರಿ ಒಂದು ಗುಂಯ್‌ಗುಡುವಿಕೆಯಾಗುತ್ತದೆಯೇ? ತಬಲಾದ ಎಡ ದನಿಯ ಗುಮಕಿಗೆ ದುಂಡಗಿನ ಆಕಾರವಿದೆಯೇ, ಡಬ್ಬ ಬಡಿದಂತಿದೆಯೇ? ಇಷ್ಟನ್ನು ಗಮನಿಸಲು ಯಾವ ವಿಶೇಷ ಶಿಕ್ಷಣವೂ ಬೇಡ.

ಇನ್ನೊಂದು ಶಿಸ್ತು, ನೋಡದೆ ಕೇಳುವುದು. ಬೆಲೆಯ ಚೀಟಿಯನ್ನು ಓದುವುದು ಕಣ್ಣು, ಆದರೆ ಅದರ ಪ್ರಭಾವ ಕಿವಿಯ ಮೇಲೆ. ಎರಡು ಬಗೆಯ ಧ್ವನಿ ಕಡತಗಳನ್ನು ಹೋಲಿಸುವಾಗ ಮನೆಯ ಮಕ್ಕಳೊಬ್ಬರಿಗೆ ಹೇಳಿ, ನಾಣ್ಯ ಚಿಮ್ಮಿ ಬಂದಂತೆ ಇದನ್ನೋ ಅದನ್ನೋ ಹತ್ತು ಬಾರಿ ನುಡಿಸಲಿ. ಪ್ರತಿ ಬಾರಿಯೂ ಯಾವುದೆಂದು ಊಹಿಸಿ ಕಾಗದದ ಮೇಲೆ ಬರೆಯಬೇಕು. ಐದಾರು ಸರಿಯಾದರೆ ಅದು ಬರಿಯ ಊಹೆ. ಒಂಬತ್ತು ಅಥವಾ ಹತ್ತು ಸರಿಯಾದರೆ ವ್ಯತ್ಯಾಸ ನಿಜವಾಗಿಯೂ ಕೇಳಿಸುತ್ತಿದೆ ಎನ್ನಬಹುದು, ಏಕೆಂದರೆ ಕೇವಲ ಅದೃಷ್ಟದಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ಒಂದರಷ್ಟು. ಹೆಡ್‌ಫೋನುಗಳನ್ನೇ ಹೀಗೆ ಪರೀಕ್ಷಿಸುವುದು ಕಷ್ಟ. ತಲೆಯ ಮೇಲೆ ಇಟ್ಟೊಡನೆ ತೂಕ, ಮೆತ್ತೆಗಳಿಂದಲೇ ಗುರುತು ಸಿಕ್ಕಿಬಿಡುತ್ತದೆ.

ಹಾರ್ಮನ್ ಸಂಸ್ಥೆಯ ಸಂಶೋಧಕರಾದ ಶಾನ್ ಆಲಿವ್ ಮತ್ತು ಅವರ ಸಂಗಡಿಗರು ಈ ತೊಡಕಿಗೊಂದು ಉಪಾಯ ಕಂಡುಕೊಂಡರು. ಹಲವು ಹೆಡ್‌ಫೋನುಗಳ ಸ್ವರಗುಣವನ್ನು ಅಳೆದು, ಅದನ್ನು ಒಂದೇ ಹೆಡ್‌ಫೋನಿನ ಮೂಲಕ ಅನುಕರಿಸಿ ಕೇಳಿಸಿದರು. ಹೆಸರಿಲ್ಲ, ಬೆಲೆಯಿಲ್ಲ, ತೂಕದ ಭೇದವಿಲ್ಲ. ಕೇಳುವವರಿಗೆ ಉಳಿದದ್ದು ಧ್ವನಿಯೊಂದೇ. ಬಹುಮಂದಿ ಮೆಚ್ಚಿದ್ದು, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರುಗಳು ನುಡಿದಂತಹ ಸಮತೋಲದ ಧ್ವನಿಯನ್ನು. ಜೆರೋನ್ ಬ್ರೀಬಾರ್ಟ್ ಎಂಬ ಮತ್ತೊಬ್ಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ವರಗುಣಕ್ಕೂ ಮಾರಾಟದ ಬೆಲೆಗೂ ಸಂಬಂಧವೇ ಕಂಡುಬರಲಿಲ್ಲ. ದುಬಾರಿಯವೆಲ್ಲ ಕಳಪೆ ಎಂದು ಇದರ ಅರ್ಥವಲ್ಲ. ಗಟ್ಟಿತನ, ಮೆತ್ತೆಯ ಸುಖ, ದುರಸ್ತಿಯ ಸೌಲಭ್ಯ, ತಂತಿಯಿಲ್ಲದ ಅನುಕೂಲ ಇವಕ್ಕೆ ಹಣ ತೆರುವುದು ಸಹಜವೇ. ಬೆಲೆಯನ್ನು ನೋಡಿ ನಾದವನ್ನು ಊಹಿಸಲಾಗದು ಎಂಬುದಷ್ಟೇ ಇಲ್ಲಿನ ತಾತ್ಪರ್ಯ.

ಕಡತದ ಗುಣಮಟ್ಟದ ಬಗ್ಗೆ ಯುವಕರು ಬಹಳ ವಾದಿಸುತ್ತಾರೆ. ನಾವು ಚುಟುಕಾಗಿ ಮುಗಿಸುತ್ತೇವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸುತ್ತದೆ. ಅದಕ್ಕಿಂತ ಸೂಕ್ಷ್ಮವಾದ ದಾಖಲೆಗಳನ್ನು ಕೇಳುಗರು ಗುರುತಿಸಬಲ್ಲರೇ ಎಂದು ಮೇಯರ್ ಮತ್ತು ಮೊರಾನ್ ಎಂಬವರು ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 554 ಪ್ರಯತ್ನಗಳ ಪೈಕಿ 276 ಮಾತ್ರ ಸರಿಯಾದವು. ಅಂದರೆ ನಾಣ್ಯ ಚಿಮ್ಮಿದಂತೆಯೇ ಆಯಿತು. ತೀರ ಸಂಕುಚಿತವಾದ ಕಡತದಲ್ಲಿ ‘ಸ’ಕಾರ ಕರ್ಕಶವಾಗುವುದು, ಚಪ್ಪಾಳೆ ನೀರು ಸುರಿದಂತೆ ಕೇಳುವುದು ನಿಜ, ಆದರೆ ಎಂಪಿ-3 ಕಡತದ ಗುಣಮಟ್ಟ 256 ಅಥವಾ 320 ಕಿಲೋಬಿಟ್‌ನಷ್ಟಿದ್ದರೆ ಅದರಾಚೆಗೆ ಚಿಂತಿಸಬೇಕಿಲ್ಲ. ಮೂಲದಲ್ಲಿಯೇ ಇಲ್ಲದ್ದನ್ನು ಯಾವ ಹೆಡ್‌ಫೋನೂ ತಂದುಕೊಡಲಾರದು. ಮಲ್ಲಿಕಾರ್ಜುನ ಮನಸೂರರ ಎಳೆಯ ಕಂಠವನ್ನು ಹಿಡಿದಿಟ್ಟಿರುವ ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಸೂಜಿಯ ಕರಕರ ಸದ್ದು ಇದ್ದೇ ಇರುತ್ತದೆ. ಹೊಸ ಹೆಡ್‌ಫೋನಿನಲ್ಲಿ ಅದು ಇನ್ನಷ್ಟು ಎದ್ದು ಕೇಳಿಸೀತು; ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಬೇಡಿ.

ನಿಜವಾಗಿ ದೊಡ್ಡ ವ್ಯತ್ಯಾಸವನ್ನುಂಟುಮಾಡುವುದು ಹೆಡ್‌ಫೋನು ಕಿವಿಗೆ ಕೂಡುವ ಬಗೆ. ಕಿವಿಯ ಸುತ್ತ ಅಥವಾ ನಾಳದೊಳಗೆ ಎಲ್ಲಿಯೂ ಸಂದಿಲ್ಲದಂತೆ ಅದು ಕೂಡಬೇಕು. ಸಣ್ಣ ಸಂದಿದ್ದರೂ ಮಂದ್ರಸ್ವರಗಳು ಸೋರಿಹೋಗುತ್ತವೆ. ಕನ್ನಡಕದ ಕಡ್ಡಿ, ದಟ್ಟವಾದ ಕೂದಲು, ಕಿವಿಯ ಮೇಲಕ್ಕೆ ಇಳಿದ ರುಮಾಲಿನ ಅಂಚು, ದಪ್ಪ ಓಲೆ ಇವೆಲ್ಲ ಸಂದು ಮಾಡುತ್ತವೆ. ಕಿವಿಯೊಳಗೆ ಇಡುವ ಇಯರ್‌ಫೋನಿನ ಜೊತೆಗೆ ಮೂರು ಅಳತೆಯ ರಬ್ಬರ್ ತುದಿಗಳನ್ನು ಕೊಟ್ಟಿರುತ್ತಾರೆ. ನಮ್ಮವರು ಸಾಮಾನ್ಯವಾಗಿ ಅದರಲ್ಲಿ ಮೊದಲೇ ಸಿಕ್ಕಿಸಿದ್ದನ್ನು ಬಳಸಿ ಉಳಿದೆರಡನ್ನು ಪೆಟ್ಟಿಗೆಯೊಂದಿಗೆ ಎಸೆದುಬಿಡುತ್ತಾರೆ. ಎರಡು ಕಿವಿಗಳ ನಾಳಗಳು ಒಂದೇ ಅಳತೆಯವಾಗಿರಬೇಕೆಂಬ ನಿಯಮವೂ ಇಲ್ಲ. ಹಾಡು ನುಡಿಯುತ್ತಿರುವಾಗ ಮೆತ್ತಗೆ ಒತ್ತಿನೋಡಬೇಕು. ಒತ್ತಿದಾಗ ತಟ್ಟನೆ ಮಂದ್ರ ತುಂಬಿಕೊಂಡರೆ ಅಳತೆ ಸರಿಯಿಲ್ಲವೆಂದೇ ಅರ್ಥ. ಐನೂರು ರೂಪಾಯಿಯ ಇಯರ್‌ಫೋನಿಗೆ ತಕ್ಕ ರಬ್ಬರು ಹಾಕಿದರೆ, ಸಡಿಲವಾಗಿ ಕುಳಿತ ಐದು ಸಾವಿರದ್ದಕ್ಕಿಂತ ಅದು ಇಂಪಾಗಿ ನುಡಿಯುವುದುಂಟು.

ಕೂಡುವ ಬಗೆಗೂ ಆರೋಗ್ಯಕ್ಕೂ ನೇರ ನಂಟಿದೆ. ಸಂದಿನಿಂದ ಮಂದ್ರ ಸೋರುವುದಷ್ಟೇ ಅಲ್ಲ, ಹೊರಗಿನ ಗದ್ದಲ ಒಳನುಗ್ಗುತ್ತದೆ. ಬಸ್ಸಿನ ಇಂಜಿನ್ನು, ಮಿಕ್ಸರು, ಪಕ್ಕದ ಮನೆಯ ಬೋರ್‌ವೆಲ್ ಇವನ್ನು ಮೀರಿಸಲು ಕೈ ತಾನಾಗಿಯೇ ವಾಲ್ಯೂಮನ್ನು ಏರಿಸುತ್ತದೆ. ಮನೆಗೆ ಬಂದ ಮೇಲೆ ಇಳಿಸುವುದು ಮರೆತುಹೋಗುತ್ತದೆ. ಆದಕಾರಣ ನಾವು ಹೇಳುವ ಆಯ್ಕೆಯ ಸೂತ್ರ ಒಂದೇ: ಯಾವುದರಲ್ಲಿ ಅತ್ಯಂತ ಕಡಿಮೆ ಧ್ವನಿಯಲ್ಲಿಯೇ ಮಾತು ತಿಳಿಯುತ್ತದೆಯೋ ಅದನ್ನು ಕೊಳ್ಳಿರಿ. ಗದ್ದಲ ತಗ್ಗಿಸುವ ವಿದ್ಯುನ್ಮಾನ ವ್ಯವಸ್ಥೆಯ ಹೆಡ್‌ಫೋನುಗಳೂ ಇವೆ. ಭಾರತೀಯ ಮೂಲದ ಅಮರ್ ಬೋಸ್ ಅವರು 1978ರಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ವಿಮಾನದಲ್ಲಿ ಹಿಂದಿರುಗುವಾಗ, ಇಂಜಿನ್ನಿನ ಮೊರೆತದಲ್ಲಿ ಸಂಗೀತ ಮುಳುಗಿಹೋದದ್ದನ್ನು ಕಂಡು ಇದರ ಲೆಕ್ಕಾಚಾರಕ್ಕೆ ತೊಡಗಿದರು. ಹೊರಗಿನ ಸದ್ದಿನ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಹುಟ್ಟಿಸಿ ಎರಡನ್ನೂ ಅಡಗಿಸುವುದು ಇದರ ತಂತ್ರ. ಬಸ್ಸು, ರೈಲು, ವಿಮಾನಗಳ ಏಕರೂಪದ ಮೊರೆತಕ್ಕೆ ಇದು ಸಮರ್ಪಕ. ಅಡುಗೆಮನೆಯ ಪಾತ್ರೆಯ ಸದ್ದಿಗೆ, ಮಕ್ಕಳ ಕಿರುಚಾಟಕ್ಕೆ ಅಷ್ಟಾಗಿ ಅಲ್ಲ. ದಿನವೂ ದೂರ ಪ್ರಯಾಣ ಮಾಡುವವರು ಇದಕ್ಕೆ ಹಣ ಹಾಕುವುದು ಸಾರ್ಥಕವೆಂದೇ ನಮ್ಮ ಮತ. ಆದರೆ ರಸ್ತೆ ದಾಟುವಾಗ, ದ್ವಿಚಕ್ರವಾಹನದ ಮೇಲೆ, ಹೊಲದಲ್ಲಿ ಟ್ರ್ಯಾಕ್ಟರಿನ ಬಳಿ ಯಾವ ಬಗೆಯದೂ ಕಿವಿಯಲ್ಲಿರಕೂಡದು.

ಇಂದ್ರಿಯಕ್ಕೆ ವಿಷಯವು ಅತಿಯಾಗಿ, ತೀರ ಕಡಿಮೆಯಾಗಿ ಅಥವಾ ವಿಕೃತವಾಗಿ ಒದಗುವುದು ರೋಗಕಾರಣವೆಂದು ಚರಕಸಂಹಿತೆಯ ಸೂತ್ರಸ್ಥಾನ 11ನೆಯ ಅಧ್ಯಾಯದಲ್ಲಿ ವಿವರಿಸಲಾಗಿದೆ. ಶ್ರವಣದ ಅತಿಯೋಗಕ್ಕೆ ಅಲ್ಲಿ ಕೊಟ್ಟಿರುವ ಉದಾಹರಣೆಗಳು ಗುಡುಗು, ನಗಾರಿ, ಚೀತ್ಕಾರ. ಆ ಕಾಲದಲ್ಲಿ ನಗಾರಿಯನ್ನು ಯಾರೂ ಕಿವಿಯ ನಾಳದೊಳಗೆ ಇಟ್ಟುಕೊಂಡು ನಿದ್ರಿಸುತ್ತಿರಲಿಲ್ಲ. ಇಂದಿನ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ: ವಯಸ್ಕರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ಲಿನಲ್ಲಿ ಅಷ್ಟೇ ಅವಧಿ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಹೀಗೆ ಇಳಿಯುತ್ತ ಹೋಗಿ 100 ಡೆಸಿಬಲ್ ತಲಪುವಷ್ಟರಲ್ಲಿ ಇಡೀ ವಾರಕ್ಕೆ ಸುಮಾರು 20 ನಿಮಿಷ ಮಾತ್ರ ಉಳಿಯುತ್ತದೆ. ಮೊಬೈಲನ್ನು ತುತ್ತತುದಿಗೆ ಏರಿಸಿದರೆ ಅನೇಕ ಇಯರ್‌ಫೋನುಗಳು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತವೆ. ಮನೆಯ ಪ್ರಶಾಂತ ಕೋಣೆಯಲ್ಲಿ ಹಿತವೆನಿಸುವಷ್ಟಕ್ಕೆ ವಾಲ್ಯೂಮನ್ನು ಹೊಂದಿಸಿ, ಹೊರಗೆ ಹೋದಾಗ ಅದನ್ನು ಮೀರದಿರುವುದು ಸರಳ ಉಪಾಯ. ಅನೇಕ ಮೊಬೈಲುಗಳಲ್ಲಿ ಗರಿಷ್ಠ ಮಿತಿಯನ್ನು ಕಟ್ಟಿಹಾಕುವ ಸೌಲಭ್ಯವಿದೆ. ಮಕ್ಕಳ ಕೈಗೆ ಕೊಡುವ ಮುನ್ನ ಅದನ್ನು ಹೊಂದಿಸಿಡಬೇಕು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಕಿವಿಯ ನಾಳವನ್ನು ಗಂಟೆಗಟ್ಟಲೆ ಮುಚ್ಚಿಟ್ಟರೆ ಬೆವರು, ತೇವ ಒಳಗೇ ಉಳಿದು ಬೂಷ್ಟು ಬೆಳೆಯಲು ಎಡೆಯಾಗುತ್ತದೆ. ತುರಿಕೆ, ಸೋರುವಿಕೆ ಕಾಣಿಸುತ್ತದೆ. ಎಣ್ಣೆ ಹಾಕುವ ಅಭ್ಯಾಸವಿರುವವರು ಕರ್ಣಪೂರಣ ಮಾಡಿಕೊಂಡ ದಿನ ಇಯರ್‌ಫೋನು ಸಿಕ್ಕಿಸಬಾರದು. ಕಿವಿ ಸೋರುತ್ತಿದ್ದರೆ ಅಥವಾ ತಮಟೆ ಹರಿದಿದ್ದರೆ ಎಣ್ಣೆಯನ್ನಂತೂ ಬಿಡಲೇಬಾರದು. ಒಬ್ಬರ ಇಯರ್‌ಫೋನನ್ನು ಇನ್ನೊಬ್ಬರು ಬಳಸುವುದು ಬೇಡ. ರಬ್ಬರ್ ತುದಿಗಳನ್ನು ವಾರಕ್ಕೊಮ್ಮೆ ಕಳಚಿ ಸಾಬೂನಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು.

ಕೊನೆಯದಾಗಿ, ಹೆಡ್‌ಫೋನಿನಿಂದಲೇ ಮಾಡಬಹುದಾದ ಒಂದು ಪರೀಕ್ಷೆ. ನಾವು ಈ ಲೇಖನ ಬರೆಯಲು ಮುಖ್ಯ ಕಾರಣವೂ ಇದೇ. ‘ಇದರ ಒಂದು ಬದಿ ಕೆಟ್ಟಿದೆ’ ಎಂದು ಹೊಸದನ್ನು ಕೊಳ್ಳಲು ಹೊರಟವರು ಮೊದಲು ಹೀಗೆ ಮಾಡಿ. ಒಬ್ಬರೇ ಮಾತಾಡುತ್ತಿರುವ ಪ್ರವಚನವೊಂದನ್ನು ಹಚ್ಚಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅದಲುಬದಲಾಗಿ ಹಾಕಿಕೊಳ್ಳಿ. ಮಂಕುತನವೂ ಬದಿ ಬದಲಾಯಿಸಿದರೆ ದೋಷ ಯಂತ್ರದ್ದು. ಬಹುಮಟ್ಟಿಗೆ ಅದರ ಜಾಲರಿಯಲ್ಲಿ ಗುಗ್ಗೆ ಕಟ್ಟಿಕೊಂಡಿರುತ್ತದೆ, ಒಣ ಬ್ರಷ್ಷಿನಿಂದ ತೆಗೆದರೆ ಸಾಕು. ಮಂಕುತನ ಅದೇ ಕಿವಿಯಲ್ಲಿಯೇ ಉಳಿದರೆ ದೋಷ ಕಿವಿಯದು. ಆಗಲೂ ಗುಗ್ಗೆಯೇ ಕಾರಣವಿರಬಹುದು; ಆದರೆ ಕಡ್ಡಿ, ಪಿನ್ನು ಹಾಕದೆ ವೈದ್ಯರಿಂದ ನೋಡಿಸಿಕೊಳ್ಳಬೇಕು. ಎರಡೂ ಕಿವಿಗಳಲ್ಲಿ ದನಿ ಕೇಳಿಸಿದರೂ ಪದಗಳು ತಿಳಿಯದಿದ್ದರೆ, ಹೊಸ ಹೆಡ್‌ಫೋನಿನ ಬೆಲೆಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಆಡಿಯೋಮೆಟ್ರಿ ಪರೀಕ್ಷೆಯಾಗುತ್ತದೆ, ಅದನ್ನು ಮಾಡಿಸಬೇಕು. ಒಂದು ಕಿವಿ ಒಂದೆರಡು ದಿನಗಳಲ್ಲಿ ಏಕಾಏಕಿ ಮಂದವಾದರೆ, ಜೊತೆಗೆ ಗುಂಯ್‌ಗುಡುವಿಕೆ ಅಥವಾ ತಲೆಸುತ್ತು ಇದ್ದರೆ, ಎಣ್ಣೆ, ಶಾಖ, ಮನೆಮದ್ದು ಎಂದು ದಿನ ದೂಡಬಾರದು. ನಾವು ಆಯುರ್ವೇದದವರಾಗಿಯೇ ಹೇಳುತ್ತೇವೆ: ಅಂಥವರು ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಹೋಗಬೇಕು. ಆರಂಭದ ದಿನಗಳಲ್ಲಿ ಕೊಡುವ ಔಷಧಕ್ಕೆ ಇರುವ ಫಲ ಎರಡು ವಾರ ಕಳೆದ ಮೇಲೆ ಬಹಳ ಕಡಿಮೆಯಾಗುತ್ತದೆ.

ಒಂದು ಕಿವಿ ಶಾಶ್ವತವಾಗಿ ಮಂದವಾದವರು ಸಂಗೀತವನ್ನು ಬಿಡಬೇಕಿಲ್ಲ. ಮೊಬೈಲಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಮೊನೊ ಆಡಿಯೋ’ ಎಂಬುದನ್ನು ಒತ್ತಿದರೆ ಎಡಬಲಗಳಿಗೆ ಹಂಚಿಹೋಗಿದ್ದ ದನಿ, ವಾದ್ಯಗಳೆಲ್ಲವೂ ಒಂದಾಗಿ ಎರಡೂ ಬದಿಗೆ ಬರುತ್ತವೆ. ಕೇಳುವ ಕಿವಿಗೆ ಏನೂ ತಪ್ಪಿಹೋಗುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಮಕ್ಕಳು ಒಂದು ನಿಮಿಷದಲ್ಲಿ ಮಾಡಿಕೊಡಬಲ್ಲರು.